ಹಾಳುಬಿದ್ದ ಚಿತ್ರಮಂದಿರಗಳ ಉದ್ಧಾರ: ಹ್ಯಾರಿಚ್ ಮತ್ತು ಮುಂಬಯಿಯ ಎರಡು ನಿದರ್ಶನಗಳು

1

ಚರಿತ್ರೆಯ ಆಕರಗಳೆಂದರೆ ಶಿಲಾಶಾಸನ, ತಾಮ್ರಪಟ, ನಾಣ್ಯ, ದೇವಾಲಯ, ಕೋಟೆ, ಕಡತ ಎಂಬುದು ನಮ್ಮ ತರಗತಿಗಳಲ್ಲಿ ರೂಢಿಯಾಗಿ ಬಂದಿರುವ ಎಣಿಕೆ. ಪ್ರಾಚೀನ ಕಾಲಕ್ಕೂ ಮಧ್ಯಯುಗಕ್ಕೂ ಈ ಎಣಿಕೆ ಸಾಕಾಗಬಹುದು. ಇಪ್ಪತ್ತನೆಯ ಶತಮಾನದ ಸಾಮಾಜಿಕ ಚರಿತ್ರೆಯನ್ನು ಬರೆಯಹೊರಟವರಿಗೆ ಇದು ಸಾಲದು. ಆ ಶತಮಾನದ ಜನಜೀವನದ ಗುರುತನ್ನು ಉಳಿಸಿಕೊಂಡಿರುವ ಕಟ್ಟಡಗಳಲ್ಲಿ ರೈಲ್ವೆ ನಿಲ್ದಾಣ, ಶಾಲೆ, ಗಿರಣಿ, ಆಸ್ಪತ್ರೆಗಳ ಜೊತೆಗೆ ಚಿತ್ರಮಂದಿರವನ್ನೂ ಸೇರಿಸಬೇಕು. ನಾನಾ ಅಂತಸ್ತಿನ ಜನರು ಹಣ ತೆತ್ತು, ಒಂದೇ ಸೂರಿನ ಕೆಳಗೆ, ಒಂದೇ ಕತ್ತಲೆಯಲ್ಲಿ ಕುಳಿತು, ಒಂದೇ ನೋಟವನ್ನು ಕಂಡ ಸ್ಥಳವದು. ಹಾಗೆಂದು ಅಲ್ಲಿ ಭೇದವಿರಲಿಲ್ಲವೆಂದಲ್ಲ. ಪರದೆಯ ಮುಂದಿನ ನೆಲ, ಅದರ ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ, ಮೇಲೆ ಬಾಲ್ಕನಿ ಎಂಬ ವಿಂಗಡಣೆಯಲ್ಲಿ ಒಂದು ಊರಿನ ಸಮಾಜದ ಶ್ರೇಣಿ ಮರ ಗಾರೆಗಳ ರೂಪದಲ್ಲಿಯೇ ನಿಂತಿರುತ್ತದೆ. ಕಡತಗಳಲ್ಲಿ ದೊರೆಯದ ಈ ಸಂಗತಿ ಕಟ್ಟಡದಲ್ಲಿ ದೊರೆಯುತ್ತದೆ.

ಇಂತಹ ಕಟ್ಟಡಗಳು ಇಂದು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ. ಕೆಲವನ್ನು ಕೆಡವಿ ಅಂಗಡಿ ಮಳಿಗೆಗಳನ್ನು ಎಬ್ಬಿಸಲಾಗುತ್ತಿದೆ. ಕೆಲವು ವ್ಯಾಜ್ಯದಲ್ಲಿಯೋ ಉದಾಸೀನದಲ್ಲಿಯೋ ಸಿಲುಕಿ ಮಳೆಗಾಳಿಗೆ ಶಿಥಿಲವಾಗುತ್ತಿವೆ. ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಏಕೆ ಉಳಿಸಬೇಕು, ಹೇಗೆ ಉಳಿಸಬಹುದು ಎಂಬುದು ಚರಿತ್ರೆಯ ಅಭ್ಯಾಸಿಗಳಿಗೂ ಸಂಬಂಧಪಟ್ಟ ಪ್ರಶ್ನೆ. ಇದನ್ನು ವಿವೇಚಿಸಲು ಪ್ರಸ್ತುತ ಲೇಖನದಲ್ಲಿ ಎರಡು ನಿದರ್ಶನಗಳನ್ನು ಆಯ್ದುಕೊಂಡಿದ್ದೇವೆ. ಒಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹ್ಯಾರಿಚ್ ಎಂಬ ಸಣ್ಣ ಬಂದರಿನ ‘ಎಲೆಕ್ಟ್ರಿಕ್ ಪ್ಯಾಲೆಸ್’. ಮತ್ತೊಂದು, ಮುಂಬಯಿಯ ‘ರಾಯಲ್ ಆಪೆರಾ ಹೌಸ್’. ಎರಡೂ 1911ರಲ್ಲಿ ಪ್ರಾರಂಭವಾದವು. ಎರಡೂ ಚಿತ್ರಮಂದಿರಗಳಾಗಿ ಬಾಳಿ, ಚಿತ್ರಮಂದಿರಗಳಾಗಿಯೇ ಮುಚ್ಚಿದವು. ಎರಡೂ ದಶಕಗಳ ಕಾಲ ಹಾಳುಬಿದ್ದು, ಅನಂತರ ಮತ್ತೆ ಬಾಗಿಲು ತೆರೆದವು. ಆದರೆ ಒಂದು ಬಡವರ ಮನೆ, ಇನ್ನೊಂದು ಅರಮನೆ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಶಿಥಿಲವಾದ ಕಟ್ಟಡದ ದುರಸ್ತಿಗಿಂತ ಮೊದಲು ಆಗಬೇಕಾದುದು ಅದರ ಐತಿಹಾಸಿಕ ಬೆಲೆಯನ್ನು ಗುರುತಿಸುವ ಕೆಲಸವೆಂಬುದೂ, ಆ ಕೆಲಸ ವಿದ್ಯಾಸಂಸ್ಥೆಗಳ ಶಕ್ತಿಗೆ ಮೀರಿದ್ದಲ್ಲವೆಂಬುದೂ ಸ್ಪಷ್ಟವಾಗುತ್ತದೆ.

2

ಚಲಚ್ಚಿತ್ರವು ತನ್ನ ಮೊದಲ ಹದಿನೈದು ವರ್ಷಗಳಲ್ಲಿ ಸ್ವಂತ ಮನೆಯಿಲ್ಲದ ಕಲೆಯಾಗಿತ್ತು. 1896ರ ಜುಲೈ 7ರಂದು ಲ್ಯುಮಿಯೇರ್ ಸಹೋದರರ ಚಿತ್ರಗಳನ್ನು ಮುಂಬಯಿಯಲ್ಲಿ ಮೊದಲಿಗೆ ತೋರಿಸಿದ್ದು ವಾಟ್ಸನ್ ಹೋಟೆಲಿನಲ್ಲಿ. ಇಂಗ್ಲೆಂಡಿನಲ್ಲಿಯೂ ನಾಟಕಶಾಲೆ, ಸಭಾಭವನ, ಖಾಲಿ ಅಂಗಡಿ, ಜಾತ್ರೆಯ ಡೇರೆ, ಹೀಗೆ ಎಲ್ಲಿ ಜನ ಸೇರುವರೋ ಅಲ್ಲಿ ಚಿತ್ರಪ್ರದರ್ಶನ ನಡೆಯುತ್ತಿತ್ತು. ನಮ್ಮ ನಾಡಿನ ಟೂರಿಂಗ್ ಟಾಕೀಸುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹ್ಯಾರಿಚ್‌ನ ಚಿತ್ರಮಂದಿರವನ್ನು ಕಟ್ಟಿಸಿದ ಚಾರ್ಲ್ಸ್ ಥರ್ಸ್ಟನ್ ಇಂತಹ ಸಂಚಾರಿ ಪ್ರದರ್ಶಕರಲ್ಲೊಬ್ಬ. ಪೂರ್ವ ಇಂಗ್ಲೆಂಡಿನ ಜಾತ್ರೆಗಳಲ್ಲಿ ಆಟದ ಯಂತ್ರಗಳ ಜೊತೆಗೆ ಬಯಾಸ್ಕೋಪನ್ನೂ ತೋರಿಸುತ್ತಿದ್ದ ಮನೆತನ ಅವನದು.

ಈ ಸಂಚಾರಿ ವೃತ್ತಿಯನ್ನು ನೆಲೆನಿಲ್ಲುವಂತೆ ಮಾಡಿದ್ದು ಬೆಂಕಿಯ ಭಯ. ಅಂದಿನ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಒಮ್ಮೆ ಹೊತ್ತಿಕೊಂಡರೆ ನೀರಿಗೂ ಆರದ ವಸ್ತು. 1897ರ ಮೇ 4ರಂದು ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ಪ್ರದರ್ಶನ ಯಂತ್ರದ ದೀಪದಿಂದ ಹತ್ತಿದ ಬೆಂಕಿಗೆ ನೂರ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಬ್ರಿಟಿಷ್ ಪಾರ್ಲಿಮೆಂಟು 1909ರಲ್ಲಿ ಸಿನಿಮಾಟೋಗ್ರಾಫ್ ಕಾಯಿದೆಯನ್ನು ಅಂಗೀಕರಿಸಿ, ಪ್ರದರ್ಶನಕ್ಕೆ ಸ್ಥಳೀಯ ಅಧಿಕಾರಿಗಳ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಯಂತ್ರವನ್ನು ಪ್ರೇಕ್ಷಕರಿಂದ ಬೇರ್ಪಡಿಸಿದ, ಬೆಂಕಿ ತಡೆಯುವ ಕೋಣೆಯಲ್ಲಿ ಇರಿಸಬೇಕಾಯಿತು. ಕಾಯಿದೆ 1910ರಿಂದ ಜಾರಿಗೆ ಬಂದ ಮೇಲೆ ಡೇರೆಯಲ್ಲಿ ಚಿತ್ರ ತೋರಿಸುವುದು ಕಷ್ಟವಾಯಿತು. ಚಿತ್ರಪ್ರದರ್ಶನಕ್ಕೆಂದೇ ಉದ್ದೇಶಿಸಿದ ಕಟ್ಟಡಗಳು ದೇಶದ ತುಂಬ ಏಳತೊಡಗಿದವು. ಭಾರತದಲ್ಲಿಯೂ ಇದೇ ಜಾಡಿನ ಕಾಯಿದೆ 1918ರಲ್ಲಿ ಬಂದಿತು. ಚಿತ್ರಮಂದಿರವೆಂಬ ವಾಸ್ತುಪ್ರಕಾರದ ಹುಟ್ಟಿಗೆ ಕಲೆ ಎಷ್ಟು ಕಾರಣವೋ ಅಗ್ನಿಸುರಕ್ಷೆಯ ನಿಯಮವೂ ಅಷ್ಟೇ ಕಾರಣ.

ಥರ್ಸ್ಟನ್ನನು ಇಪ್ಸ್ವಿಚ್ಚಿನ ತರುಣ ವಾಸ್ತುಶಿಲ್ಪಿ ಹೆರಾಲ್ಡ್ ಹೂಪರನಿಗೆ ಕೆಲಸ ವಹಿಸಿದನು. ಹದಿನೆಂಟು ವಾರಗಳಲ್ಲಿ, ಸುಮಾರು 1500 ಪೌಂಡುಗಳ ವೆಚ್ಚದಲ್ಲಿ ಕಟ್ಟಡ ಮುಗಿದು, 1911ರ ನವೆಂಬರ್ 29ರಂದು ಪ್ರದರ್ಶನ ಪ್ರಾರಂಭವಾಯಿತು. ಬೀದಿಯ ಕಡೆಗೆ ಅಲಂಕಾರದ ಮುಖಭಾಗ, ಅದರ ಹಿಂದೆ ತೆರೆದ ಮೊಗಸಾಲೆ, ಟಿಕೆಟ್ ಕೊಡುವ ಗೂಡು, ಒಳಗೆ ಸುಮಾರು ಮುನ್ನೂರು ಜನ ಕೂರುವ ಒಂದೇ ಅಂಗಣ, ಪ್ರತ್ಯೇಕವಾದ ಯಂತ್ರದ ಕೋಣೆ, ವಿದ್ಯುತ್ತಿಗಾಗಿ ಗ್ಯಾಸಿನಿಂದ ನಡೆಯುವ ಎಂಜಿನ್ನು. ಇಷ್ಟೇ ಅದರ ವೈಭವ. ಜಾತ್ರೆಯ ಡೇರೆಯ ಮುಂದಿನ ಬಣ್ಣದ ಹಲಗೆಯನ್ನೇ ಗಾರೆಯಲ್ಲಿ ಎತ್ತಿ ನಿಲ್ಲಿಸಿದಂತಿರುವ ಈ ಮುಖಭಾಗವನ್ನು ನೋಡಿದರೆ, ಸಂಚಾರಿ ಪ್ರದರ್ಶನವು ನೆಲೆಗೊಂಡ ಕ್ಷಣವೇ ಅಲ್ಲಿ ಅಚ್ಚೊತ್ತಿ ನಿಂತಿದೆಯೆಂದು ಹೇಳಬಹುದು.

3

ನಲವತ್ತೈದು ವರ್ಷ ನಡೆದ ಈ ಮಂದಿರ 1956ರ ನವೆಂಬರಿನಲ್ಲಿ ಮುಚ್ಚಿತು. ಕಾರಣಗಳು ಸ್ಥಳೀಯವೂ ಹೌದು, ಸಾರ್ವತ್ರಿಕವೂ ಹೌದು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ತೀರವನ್ನು ಮುಳುಗಿಸಿದಾಗ ಹ್ಯಾರಿಚ್ ಊರೂ, ಈ ಕಟ್ಟಡವೂ ಜಖಂಗೊಂಡವು. ದುರಸ್ತಿಯಾಗಿ ಪ್ರದರ್ಶನ ಮತ್ತೆ ನಡೆದರೂ ಕಾಲ ಅನುಕೂಲವಾಗಿರಲಿಲ್ಲ. ಬ್ರಿಟನ್ನಿನ ಚಿತ್ರಮಂದಿರಗಳಲ್ಲಿ 1946ರಲ್ಲಿ ಸುಮಾರು 163 ಕೋಟಿ ಟಿಕೆಟ್ಟುಗಳು ಮಾರಾಟವಾಗಿದ್ದರೆ 1960ರ ವೇಳೆಗೆ ಆ ಸಂಖ್ಯೆ ಸುಮಾರು 50 ಕೋಟಿಗೆ ಇಳಿದಿತ್ತು. 1984ರಲ್ಲಿ ಸುಮಾರು 5.4 ಕೋಟಿಗೆ ಮುಟ್ಟಿತು. ಟೆಲಿವಿಷನ್ ಮನೆಮನೆಗೆ ಬಂದಿತು. ಮನೋರಂಜನ ತೆರಿಗೆಯ ಹೊರೆ 1960ರವರೆಗೂ ಪೂರ್ತಿಯಾಗಿ ತೊಲಗಲಿಲ್ಲ. ಈ ಹೊಡೆತಕ್ಕೆ ಸಣ್ಣ ಊರುಗಳ ಸಣ್ಣ ಮಂದಿರಗಳು ಮೊದಲು ಬಲಿಯಾದವು.

ಮುಂದಿನ ಹದಿನಾರು ವರ್ಷ ಕಟ್ಟಡ ಬೀಗ ಹಾಕಿಕೊಂಡು ನಿಂತಿತು. ಬಳಕೆ ತಪ್ಪಿದ ಚಿತ್ರಮಂದಿರ ಮಿಕ್ಕ ಕಟ್ಟಡಗಳಿಗಿಂತ ಬೇಗ ಶಿಥಿಲವಾಗುವುದಕ್ಕೆ ಅದರ ರಚನೆಯೇ ಕಾರಣ. ನಡುವೆ ಕಂಬಗಳಿಲ್ಲದ ಅಗಲವಾದ ಸೂರು, ಕಿಟಕಿಗಳಿಲ್ಲದ ಗೋಡೆ, ಗಾರೆಯ ಒಳಮಾಳಿಗೆ, ಗಾಳಿಯಾಡದ ಅಂಗಣ, ಇವೆಲ್ಲ ಕತ್ತಲೆಗಾಗಿ ಮಾಡಿದ ಏರ್ಪಾಡುಗಳು. ಜನ ಬರುತ್ತಿರುವಾಗ ಇವು ಅನುಕೂಲ. ಜನ ಬಾರದಿರುವಾಗ ಇವೇ ಕೇಡು. ಸೂರಿನ ದೋಣಿಯಲ್ಲಿ ಎಲೆ ಕಸ ತುಂಬಿ ನೀರು ಒಳಕ್ಕೆ ಇಳಿದರೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ತೊಲೆಯ ತುದಿ ಕೊಳೆಯುತ್ತದೆ, ಗಾರೆ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಾಳುಬಿದ್ದ ಕಟ್ಟಡದ ಮೊದಲ ಶತ್ರು ನೀರೆಂಬ ಅನುಭವದ ಮಾತು ಇಲ್ಲಿ ವಿಶೇಷವಾಗಿ ಸತ್ಯ.

ಹ್ಯಾರಿಚ್‌ನ ಕಥೆಗೆ ತಿರುವು ಬಂದುದು 1972ರಲ್ಲಿ. ಆ ವರ್ಷ ಕಿಂಗ್ಸ್ಟನ್ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳ ತಂಡವೊಂದು ಗಾರ್ಡನ್ ಮಿಲ್ಲರ್ ಎಂಬವರ ನೇತೃತ್ವದಲ್ಲಿ ಊರಿನ ಕಟ್ಟಡಗಳ ಅಭ್ಯಾಸಕ್ಕಾಗಿ ಬಂದಿತ್ತು. ಕಿಂಗ್ಸ್ ಕೀ ಬೀದಿಯಲ್ಲಿ ಎಲ್ಲರೂ ಮರೆತಿದ್ದ ಈ ಕಟ್ಟಡ ಅವರ ಕಣ್ಣಿಗೆ ಬಿದ್ದಿತು. ಒಳಗೆ ಮೂಕಿಚಿತ್ರಗಳ ಕಾಲದ ಪರದೆ, ಮೂಲದ ಯಂತ್ರಕೋಣೆ, ಮುಖಭಾಗದ ಅಲಂಕಾರ ಎಲ್ಲವೂ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದವು. ಇದನ್ನು ಕೆಡವಿ ಲಾರಿಗಳು ನಿಲ್ಲುವ ಜಾಗ ಮಾಡಬೇಕೆಂಬ ಆಲೋಚನೆ ಸ್ಥಳೀಯ ಆಡಳಿತದಲ್ಲಿ ನಡೆದಿತ್ತು. ಅಷ್ಟರಲ್ಲಿ, 1972ರ ಸೆಪ್ಟೆಂಬರಿನಲ್ಲಿ, ಸಮಾಜೇತಿಹಾಸದ ದೃಷ್ಟಿಯಿಂದ ಮಹತ್ವವುಳ್ಳದ್ದೆಂದು ಕಟ್ಟಡವನ್ನು ಸರಕಾರದ ಸಂರಕ್ಷಿತ ಪಟ್ಟಿಗೆ ಸೇರಿಸಲಾಯಿತು. ಅಂದಿಗೆ ಅದರ ವಯಸ್ಸು ಅರವತ್ತೊಂದು ವರ್ಷ. ಚೆಲುವಿಗಾಗಿಯೂ ಅಲ್ಲ, ಪುರಾತನವೆಂದೂ ಅಲ್ಲ, ಸಾಮಾನ್ಯ ಜನರ ಬಾಳಿನ ದಾಖಲೆಯೆಂದು ಒಂದು ಚಿತ್ರಮಂದಿರ ಉಳಿಯಿತೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಸೂರು ಸೋರುವುದು ನಿಲ್ಲುವುದಿಲ್ಲ. 1975ರಲ್ಲಿ ಒಂದು ವಿಶ್ವಸ್ತ ಮಂಡಲಿ ರಚಿತವಾಯಿತು. ಹಣ ಕೂಡಿಸುವುದು, ಸೂರನ್ನು ಭದ್ರಪಡಿಸುವುದು, ಗಾರೆ ಬಣ್ಣಗಳನ್ನು ಸರಿಮಾಡುವುದು ವರ್ಷಾನುಗಟ್ಟಲೆ ನಡೆದು, 1981ರಲ್ಲಿ, ಮೊದಲು ಬಾಗಿಲು ತೆರೆದ ಎಪ್ಪತ್ತನೆಯ ವರ್ಷ, ಚಿತ್ರಪ್ರದರ್ಶನ ಮತ್ತೆ ಪ್ರಾರಂಭವಾಯಿತು. ಅಂದಿನಿಂದ ಊರಿನ ಸ್ವಯಂಸೇವಕರ ದುಡಿಮೆಯಿಂದ ಅದು ನಡೆದುಬಂದಿದೆ. 2013ರ ಡಿಸೆಂಬರಿನಲ್ಲಿ ಲಂಡನ್ನಿನ ಅಪೊಲೊ ರಂಗಮಂದಿರದ ಒಳಮಾಳಿಗೆಯ ಒಂದು ಭಾಗ ಕುಸಿದು ಅನೇಕರು ಗಾಯಗೊಂಡ ಮೇಲೆ ಹಳೆಯ ಗಾರೆಯ ಮಾಳಿಗೆಗಳ ತಪಾಸಣೆ ಬಿಗಿಯಾಯಿತು. ಹ್ಯಾರಿಚ್‌ನ ಮಂದಿರವೂ ಈಚಿನ ವರ್ಷಗಳಲ್ಲಿ ಬಾಗಿಲು ಮುಚ್ಚಿ ತನ್ನ ಒಳಮಾಳಿಗೆಯನ್ನು ದುರಸ್ತಿ ಮಾಡಿಸಿಕೊಳ್ಳಬೇಕಾಯಿತು. ಉದ್ಧಾರವೆಂಬುದು ಒಂದು ದಿನದ ಉತ್ಸವದಲ್ಲಿ ಮುಗಿಯದೆ, ತಲೆಮಾರಿನಿಂದ ತಲೆಮಾರಿಗೆ ಸಾಗಬೇಕಾದ ಪಾಲನೆಯಾಗಿರುತ್ತದೆ.

4

ಇನ್ನು ಮುಂಬಯಿಯ ನಿದರ್ಶನಕ್ಕೆ ಬರೋಣ. ಹ್ಯಾರಿಚ್‌ನಲ್ಲಿ ಜಾತ್ರೆಯ ಪ್ರದರ್ಶಕನೊಬ್ಬ ಸಣ್ಣ ಮಂದಿರ ಕಟ್ಟುತ್ತಿದ್ದ ವರ್ಷವೇ ಮುಂಬಯಿಯ ಗಿರಗಾಂವಿನ ಬಳಿ ಭವ್ಯವಾದ ಸಂಗೀತನಾಟಕಶಾಲೆಯೊಂದು ಏಳುತ್ತಿತ್ತು. ಕಲ್ಕತ್ತೆಯಲ್ಲಿ ಪ್ರದರ್ಶನ ವ್ಯವಸಾಯ ನಡೆಸುತ್ತಿದ್ದ ಮಾರಿಸ್ ಬ್ಯಾಂಡ್ಮನ್, ಕಲ್ಲಿದ್ದಲಿನ ದಲ್ಲಾಳಿ ಜಹಾಂಗೀರ್ ಫ್ರಾಮ್ಜಿ ಕರಾಕಾ ಇವರಿಬ್ಬರು ಅದನ್ನು ಕಟ್ಟಿಸಿದರು. ದಿಲ್ಲಿ ದರ್ಬಾರಿಗಾಗಿ 1911ರಲ್ಲಿ ಭಾರತಕ್ಕೆ ಬಂದ ಐದನೆಯ ಜಾರ್ಜ್ ದೊರೆಯಿಂದ, ಕಟ್ಟಡ ಪೂರ್ತಿಯಾಗುವ ಮೊದಲೇ, ಪ್ರಾರಂಭೋತ್ಸವ ನಡೆಯಿತು. ಇಟಲಿಯ ಅಮೃತಶಿಲೆ, ಸಸೂನ್ ಮನೆತನದವರು ಕೊಟ್ಟ ಸ್ಫಟಿಕದ ತೂಗುದೀಪಗಳು, ಕವಿಗಳಿಗೂ ನಾಟಕಕಾರರಿಗೂ ಗೌರವ ಸಲ್ಲಿಸುವ ಎಂಟು ಭಾಗಗಳ ಗುಮ್ಮಟ, ಶ್ರೀಮಂತರ ಕುಟುಂಬಗಳಿಗೆಂದು ಪ್ರತ್ಯೇಕ ಬಾಕ್ಸುಗಳು, ಇವು ಅದರ ಲಕ್ಷಣಗಳು.

ಆಪೆರಾ ಎಂಬ ಯುರೋಪೀಯ ಕಲೆ ಮುಂಬಯಿಯ ನೆಲದಲ್ಲಿ ಬೇರೂರಲಿಲ್ಲ. ನಾಟಕ ಕಂಪನಿಗಳಿಗೂ ಆಶ್ರಯ ಕೊಟ್ಟ ಈ ರಂಗಮಂದಿರ ಕ್ರಮೇಣ ಚಲಚ್ಚಿತ್ರದ ವಶವಾಯಿತು. 1930ರ ದಶಕದಲ್ಲಿ ಚಿತ್ರಪ್ರದರ್ಶನಕ್ಕೆ ಅನುಕೂಲವಾಗುವಂತೆ ಒಳಭಾಗವನ್ನು ಮಾರ್ಪಡಿಸಲಾಯಿತು. 1952ರಲ್ಲಿ ಗೊಂಡಲದ ಮಹಾರಾಜರು ಅದನ್ನು ಕೊಂಡರು. ಪೃಥ್ವಿರಾಜ ಕಪೂರರ ನಾಟಕಗಳನ್ನೂ ಅನೇಕ ಹಿಂದಿ ಚಿತ್ರಗಳನ್ನೂ ಕಂಡ ಈ ಮಂದಿರ ವಿಡಿಯೊ, ಟೆಲಿವಿಷನ್ನುಗಳ ಪೈಪೋಟಿಯಲ್ಲಿ ಆದಾಯವಿಲ್ಲದೆ 1993ರಲ್ಲಿ ಮುಚ್ಚಿತು. ಮುಂಬಯಿಯ ಮಳೆಗಾಲಗಳನ್ನು ಒಂದರ ಮೇಲೊಂದರಂತೆ ಇದು ಯಾರ ಆರೈಕೆಯೂ ಇಲ್ಲದೆ ಎದುರಿಸಬೇಕಾಯಿತು. ಸೂರು ಸೋರಿತು, ಗೋಡೆಗಳಲ್ಲಿ ಗಿಡಗಳು ಬೇರುಬಿಟ್ಟವು, ಬಾಲ್ಕನಿಗಳು ಅಪಾಯದ ಸ್ಥಿತಿಗೆ ಬಂದವು.

ಇಲ್ಲಿಯೂ ಮೊದಲು ನಡೆದದ್ದು ಗುರುತಿಸುವ ಕೆಲಸವೇ. ಬೃಹನ್ಮುಂಬಯಿಗೆ 1995ರಲ್ಲಿ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಜಾರಿಗೆ ಬಂದಿತು. ದೇವಾಲಯ ಕೋಟೆಗಳಲ್ಲದ, ಇನ್ನೂ ಬಳಕೆಯಲ್ಲಿರುವ ನಗರದ ಕಟ್ಟಡಗಳನ್ನು ಶ್ರೇಣಿಗಳಾಗಿ ವಿಂಗಡಿಸಿ ರಕ್ಷಿಸುವ ಇಂತಹ ವ್ಯವಸ್ಥೆಗೆ ನಮ್ಮ ದೇಶದಲ್ಲಿ ಇದೇ ಮೊದಲ ಮೇಲ್ಪಂಕ್ತಿ. 2008ರ ಸುಮಾರಿಗೆ ಉದ್ಧಾರದ ಕಾರ್ಯಕ್ಕೆ ದಾರಿಯಾಯಿತು. ಒಡೆತನದ ಗೊಂಡಲ ಮನೆತನದವರು ಸಂರಕ್ಷಣ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರಿಗೆ ಕೆಲಸ ವಹಿಸಿದರು. 2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯ ಅಪಾಯಸ್ಥ ಸ್ಮಾರಕಗಳ ಪಟ್ಟಿಯಲ್ಲಿ ಈ ಕಟ್ಟಡದ ಹೆಸರು ಸೇರಿತು. ಮೊದಲು ಸೂರನ್ನೂ ಆಧಾರಗಳನ್ನೂ ಭದ್ರಪಡಿಸಿ, ಅನಂತರ ಬಣ್ಣದ ಪದರಗಳನ್ನು ಕೆರೆದು ಮೂಲ ವರ್ಣಗಳನ್ನು ಪತ್ತೆಮಾಡಿ, ಚಿತ್ರಮಂದಿರದ ಕಾಲದಲ್ಲಿ ಮರೆಯಾಗಿದ್ದ ಬಾಕ್ಸುಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ಪುನಃ ರಚಿಸಲಾಯಿತು. 2016ರ ಅಕ್ಟೋಬರಿನಲ್ಲಿ ಮಂದಿರ ಮತ್ತೆ ತೆರೆಯಿತು. ಮುಂಬಯಿ ಚಲಚ್ಚಿತ್ರೋತ್ಸವದ ಉದ್ಘಾಟನೆ ಅಲ್ಲಿಯೇ ನಡೆಯಿತು. 2017ರಲ್ಲಿ ಯುನೆಸ್ಕೊ ಏಷ್ಯಾ–ಪೆಸಿಫಿಕ್ ಪ್ರಶಸ್ತಿಗಳಲ್ಲಿ ಈ ಕಾರ್ಯಕ್ಕೆ ಮನ್ನಣೆ ದೊರೆಯಿತು.

5

ಈ ಎರಡು ಕಾರ್ಯಗಳೂ ಶ್ಲಾಘ್ಯವಾದವು. ಆದರೂ ಇತಿಹಾಸದ ದೃಷ್ಟಿಯಿಂದ ಇವುಗಳ ನಡುವೆ ಒಂದು ಮುಖ್ಯ ವ್ಯತ್ಯಾಸವುಂಟು. ಹ್ಯಾರಿಚ್‌ನ ಕಟ್ಟಡಕ್ಕೆ ಇದ್ದ ಜನ್ಮ ಒಂದೇ; ಹುಟ್ಟಿದ್ದೂ ಚಿತ್ರಮಂದಿರವಾಗಿ, ಮರುಹುಟ್ಟು ಪಡೆದದ್ದೂ ಚಿತ್ರಮಂದಿರವಾಗಿ. ಮುಂಬಯಿಯ ಕಟ್ಟಡಕ್ಕಾದರೋ ಎರಡು ಜನ್ಮಗಳು. ಅದು ಆಪೆರಾದ ಮನೆಯಾಗಿದ್ದ ಕಾಲ ಅಲ್ಪ. ಚಿತ್ರಮಂದಿರವಾಗಿದ್ದ ಕಾಲ ದೀರ್ಘ. ನಗರದ ಬಹುಜನರಿಗೆ ಅದು ತಿಳಿದಿದ್ದುದು ಸಿನಿಮಾ ನೋಡುವ ಸ್ಥಳವಾಗಿ. ಹಾಗಿದ್ದೂ ಜೀರ್ಣೋದ್ಧಾರದಲ್ಲಿ ಮುಖ್ಯವಾಗಿ ಮರಳಿ ಪಡೆದದ್ದು ಮೊದಲ ಜನ್ಮದ ರೂಪವನ್ನು. ದೊರೆ ಕಂಡ ಮಂದಿರ ಹಿಂದಿರುಗಿತು. ಗಿರಗಾಂವಿನ ಗುಮಾಸ್ತ ಕಂಡ ಮಂದಿರ ಹಿಂದೆ ಸರಿಯಿತು.

ಇದನ್ನು ನಾವು ಆಕ್ಷೇಪವಾಗಿ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಅಂತಹ ಆಪೆರಾ ಮಂದಿರ ಬೇರೊಂದು ಉಳಿದಿಲ್ಲವಾದ್ದರಿಂದ ಆ ಆಯ್ಕೆಗೆ ಬಲವಾದ ಸಮರ್ಥನೆಯಿದೆ. ಆದರೆ ಅದು ಆಯ್ಕೆಯೆಂಬುದನ್ನು ಮರೆಯಲಾಗದು. ಒಂದು ತಾಳೆಗರಿಯ ಮೇಲೆ ಎರಡು ಕೈಬರಹಗಳಿದ್ದಾಗ ಯಾವುದನ್ನು ಮೂಲಪಾಠವೆಂದು ಹಿಡಿಯಬೇಕೆಂದು ಗ್ರಂಥಸಂಪಾದಕರು ಹೇಗೆ ನಿರ್ಧರಿಸುವರೋ ಹಾಗೆಯೇ ಕಟ್ಟಡದ ಉದ್ಧಾರಕರೂ ನಿರ್ಧರಿಸುತ್ತಾರೆ. ಒಳ್ಳೆಯ ಸಂಪಾದಕರು ಬಿಟ್ಟ ಪಾಠವನ್ನು ಅಡಿಯಲ್ಲಿ ದಾಖಲಿಸುವರು. ಕಟ್ಟಡದ ವಿಷಯದಲ್ಲಿಯೂ ತೆಗೆದುಹಾಕುವ ಪದರವನ್ನು ಅಳತೆ, ನಕ್ಷೆ, ಛಾಯಾಚಿತ್ರಗಳಿಂದ ಮೊದಲು ದಾಖಲಿಸುವುದು ಕರ್ತವ್ಯ. ಉದ್ಧಾರದ ಹೆಸರಿನಲ್ಲಿಯೂ ಚರಿತ್ರೆ ಅಳಿಯಬಹುದೆಂಬ ಎಚ್ಚರ ಇರಬೇಕು.

ಮತ್ತೊಂದು ವ್ಯತ್ಯಾಸ ನಮಗೆ ಇನ್ನೂ ಹತ್ತಿರದ್ದು. ಮುಂಬಯಿಯ ಮಂದಿರಕ್ಕೆ ಅರಸುಮನೆತನದ ಒಡೆತನ, ಅಮೃತಶಿಲೆಯ ಚೆಲುವು, ಹೆಸರಾಂತ ವಾಸ್ತುಶಿಲ್ಪಿಯ ನೆರವು ಇದ್ದವು. ಹ್ಯಾರಿಚ್‌ಗೆ ಇವಾವುವೂ ಇರಲಿಲ್ಲ. ಕರ್ನಾಟಕದ ತಾಲ್ಲೂಕು ಪೇಟೆಗಳ ಟಾಕೀಸುಗಳಲ್ಲಿ ಬಹುಪಾಲು ಹ್ಯಾರಿಚ್‌ನ ಜಾತಿಗೆ ಸೇರಿದವು. ಅವುಗಳ ಬೆಲೆಯನ್ನು ಚೆಲುವಿನಿಂದ ಅಳೆದರೆ ಒಂದೂ ಉಳಿಯುವುದಿಲ್ಲ. ಜನಜೀವನದ ದಾಖಲೆಯೆಂದು ಅಳೆದರೆ ಕೆಲವಾದರೂ ಉಳಿಯಬಹುದು.

6

ನಮ್ಮ ನಾಡಿನ ಪರಿಸ್ಥಿತಿ ಹೇಗಿದೆ? ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಕಾಯಿದೆಯ ಪ್ರಕಾರ ಸ್ಮಾರಕವೆನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷ ತುಂಬಿರಬೇಕು. ಮೂಕಿಚಿತ್ರಗಳ ಕಾಲದ ಕೆಲವನ್ನು ಬಿಟ್ಟರೆ ನಮ್ಮ ಚಿತ್ರಮಂದಿರಗಳಿಗೆ ಆ ವಯಸ್ಸು ಇನ್ನೂ ಬಂದಿಲ್ಲ. ಬರುವವರೆಗೆ ಅವು ನಿಲ್ಲುವ ಸಂಭವವೂ ಕಡಿಮೆ. ಬೆಂಗಳೂರಿನ ಮಹಾತ್ಮಗಾಂಧಿ ರಸ್ತೆಯಲ್ಲಿ 1936ರಲ್ಲಿ ತೆರೆದ ಪ್ಲಾಜಾ ಚಿತ್ರಮಂದಿರ ಮೆಟ್ರೊ ರೈಲಿನ ಕಾಮಗಾರಿಗೆ ಎಡೆಮಾಡಿಕೊಟ್ಟು ಅಳಿಯಿತು. 1968ರಲ್ಲಿ ಪ್ರಾರಂಭವಾದ ಗಾಂಧಿನಗರದ ಕಪಾಲಿ 2017ರಲ್ಲಿ ಮುಚ್ಚಿ, ಅನಂತರ ನೆಲಸಮವಾಯಿತು. ಅದೇ ನಗರದ ಬ್ರಿಗೇಡ್ ರಸ್ತೆಯ ಹಳೆಯ ಆಪೆರಾ ಹೌಸು, ಒಂದು ಕಾಲಕ್ಕೆ ಚಿತ್ರಮಂದಿರವೂ ಆಗಿದ್ದುದು, 2018ರಲ್ಲಿ ವಾಣಿಜ್ಯ ಸಂಸ್ಥೆಯೊಂದರ ಪ್ರದರ್ಶನ ಮಳಿಗೆಯಾಗಿ ಮತ್ತೆ ತೆರೆಯಿತು. ಅದರ ಉಪಯೋಗ ಬದಲಾದರೂ ಕಟ್ಟಡ ಉಳಿಯಿತೆಂಬುದೇ ಸಮಾಧಾನ.

ಎಲ್ಲ ಹಳೆಯ ಮಂದಿರಗಳನ್ನೂ ಉಳಿಸಬೇಕೆಂದು ನಾವು ವಾದಿಸುತ್ತಿಲ್ಲ. ಪೇಟೆಯ ನಡುವಿನ ನಿವೇಶನದ ಬೆಲೆ ಏರುತ್ತಿರುವಾಗ, ಆದಾಯವಿಲ್ಲದ ಕಟ್ಟಡವನ್ನು ಚರಿತ್ರೆಯ ಅಭಿಮಾನಕ್ಕಾಗಿ ಇಟ್ಟುಕೊಳ್ಳಬೇಕೆಂದು ಮಾಲೀಕರಿಗೆ ಹೇಳುವುದು ಸುಲಭ, ನ್ಯಾಯವಲ್ಲ. ತೆರಿಗೆಯ ರಿಯಾಯಿತಿ, ದುರಸ್ತಿಗೆ ನೆರವು, ನಾಟಕ, ಸಭೆ, ಗ್ರಂಥಾಲಯ ಮೊದಲಾದ ಬೇರೆ ಉಪಯೋಗಗಳಿಗೆ ಅನುಮತಿ, ಇವುಗಳಿಲ್ಲದೆ ಬರಿಯ ನಿರ್ಬಂಧ ಹೇರಿದರೆ ಮಾಲೀಕರು ಮಳೆಯ ಕೈಯಿಂದಲೇ ಕಟ್ಟಡವನ್ನು ಕೆಡವಿಸುವ ದಾರಿ ಹಿಡಿಯಬಹುದು. ಆದ್ದರಿಂದ ಉಳಿಸಬೇಕಾದವನ್ನು ಆರಿಸುವುದು ಅನಿವಾರ್ಯ. ಏನೇನು ಇದೆಯೆಂದು ತಿಳಿಯದೆ ಆರಿಸುವುದು ಅಸಾಧ್ಯ.

ಕಾಲೇಜುಗಳ ಪಾತ್ರ ಬರುವುದು ಇಲ್ಲಿ. ಹ್ಯಾರಿಚ್‌ನಲ್ಲಿ ಮೊದಲ ಹೆಜ್ಜೆಯಿಟ್ಟವರು ಮಂತ್ರಿಗಳೂ ಅಲ್ಲ, ಧನಿಕರೂ ಅಲ್ಲ. ಅಭ್ಯಾಸಕ್ಕೆಂದು ಬಂದ ವಿದ್ಯಾರ್ಥಿಗಳು ಮತ್ತು ಅವರ ಮಾರ್ಗದರ್ಶಕರು. ಅಂತಹ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿಯೂ ಇದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯಿದೆಯ ಪ್ರಕಾರ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು. ಪರವಾನಗಿಯ ಕಡತಗಳಲ್ಲಿ ಕಟ್ಟಡದ ನಕ್ಷೆ, ಆಸನಗಳ ಲೆಕ್ಕ, ಮಾಲೀಕತ್ವದ ವಿವರಗಳನ್ನು ಹುಡುಕಬಹುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬರುವವರೆಗೆ 1958ರ ಕಾಯಿದೆಯಂತೆ ವಸೂಲಾಗುತ್ತಿದ್ದ ಮನೋರಂಜನ ತೆರಿಗೆಯ ಲೆಕ್ಕಪತ್ರಗಳು ಉಳಿದಿರುವ ಕಡೆ ಪ್ರೇಕ್ಷಕರ ಸಂಖ್ಯೆಯ ಏರಿಳಿತವನ್ನು ತಿಳಿಯಲು ನೆರವಾಗುತ್ತವೆ. ಕರಪತ್ರ, ಭಿತ್ತಿಪತ್ರ, ಟಿಕೆಟ್ಟಿನ ತುಂಡು ಇವುಗಳೂ ಆಕರಗಳೇ. ಎಲ್ಲಕ್ಕಿಂತ ತುರ್ತಾದದ್ದು ಬಾಯ್ಮಾತಿನ ಸಾಕ್ಷ್ಯ: ಯಂತ್ರ ನಡೆಸಿದವರು, ಬಾಗಿಲಲ್ಲಿ ಟಿಕೆಟ್ ಹರಿದವರು, ರೀಲಿನ ಡಬ್ಬಿಗಳನ್ನು ಬಸ್ಸಿನಲ್ಲಿ ಹೊತ್ತು ತಂದವರು ಈಗ ಮುಪ್ಪಿನಲ್ಲಿದ್ದಾರೆ. ಕಡತ ಹತ್ತು ವರ್ಷ ಕಾಯಬಹುದು. ಇವರ ನೆನಪು ಕಾಯದು.

ಒಂದೊಂದು ಕಾಲೇಜಿನ ಚರಿತ್ರೆಯ ವಿಭಾಗವು ತನ್ನ ತಾಲ್ಲೂಕಿನ ಚಿತ್ರಮಂದಿರಗಳನ್ನು, ನಡೆಯುತ್ತಿರುವುವನ್ನೂ ಮುಚ್ಚಿರುವುವನ್ನೂ, ಅಳತೆ ಹಿಡಿದು, ಛಾಯಾಚಿತ್ರ ತೆಗೆದು, ಕಡತ ನೋಡಿ, ಜನರನ್ನು ವಿಚಾರಿಸಿ ಒಂದು ವಿವರಣಪಟ್ಟಿಯನ್ನು ಸಿದ್ಧಪಡಿಸಿದರೆ, ಅದು ಸ್ನಾತಕೋತ್ತರ ವಿದ್ಯಾರ್ಥಿಗಳ ಒಂದು ವರ್ಷದ ಪ್ರಬಂಧಕ್ಕೆ ತಕ್ಕ ವಿಷಯವಾಗುತ್ತದೆ. ಅಂತಹ ಪಟ್ಟಿಯಿಂದ ಎಲ್ಲ ಕಟ್ಟಡಗಳೂ ಉಳಿಯಲಾರವು. ಆದರೆ ಉಳಿಸಬೇಕೆಂಬ ಮಾತು ಬಂದಾಗ ಆಧಾರ ಕೈಯಲ್ಲಿರುತ್ತದೆ. ಉಳಿಯದೆ ಹೋದವುಗಳ ಚರಿತ್ರೆಯಾದರೂ ಉಳಿಯುತ್ತದೆ. ನಮ್ಮ ವಿಭಾಗಗಳು ಶಾಸನಗಳನ್ನು ಹುಡುಕಿ ಹಳ್ಳಿಹಳ್ಳಿಗೆ ಹೋದ ಪರಂಪರೆಯಲ್ಲಿ ಬೆಳೆದವು. ಆ ಪರಿಶ್ರಮದ ಒಂದು ಪಾಲನ್ನು ಊರ ನಡುವೆ ಬೀಗ ಹಾಕಿ ನಿಂತಿರುವ ಟಾಕೀಸಿಗೂ ಸಲ್ಲಿಸುವ ಕಾಲ ಈಗ ಬಂದಿದೆ.